ಟಿಬಿ ಕಫ ಪರೀಕ್ಷೆ: ಸ್ಲೈಡ್‌ಗೆ ಹಾಕೋ ಬಣ್ಣದ ಗುಣಮಟ್ಟ ನೋಡೋರು ಯಾರು?

ದೇಶದಿಂದ ಟಿಬಿ ಓಡಿಸಲು ಕೇಂದ್ರ ಸರ್ಕಾರ ಇಟ್ಟುಕೊಂಡಿದ್ದ ಗಡುವು 2025. ಗಡುವು ಮುಗಿದಿದೆ, ರೋಗ ಹೋಗಿಲ್ಲ. ಟ್ರೂನಾಟ್, ಸಿಬಿನಾಟ್ ಯಂತ್ರ ಬಂದ ಮೇಲೆ ಸೂಕ್ಷ್ಮದರ್ಶಕ ಯಾಕೆ ಬೇಕು ಅಂತ ಕೇಳೋರಿದ್ದಾರೆ. ಆದರೆ ಈ ಯಂತ್ರಗಳು ಸತ್ತ ಬ್ಯಾಕ್ಟೀರಿಯಾವನ್ನೂ ಹಿಡಿದು ಪಾಸಿಟಿವ್ ತೋರಿಸಬಹುದು. ಹಾಗಾಗಿ ಎರಡು ತಿಂಗಳು ಮಾತ್ರೆ ನುಂಗಿದವರಿಗೆ ಔಷಧ ಹಿಡಿದಿದೆಯಾ ಅಂತ ತಿಳಿಯಲು ಈಗಲೂ ಹಳೇ ದಾರಿನೇ: ಸ್ಲೈಡ್ ಮೇಲೆ ಕಫ, ಅದಕ್ಕೆ ಬಣ್ಣ.

ಕಾರ್ಬಾಲ್ ಫುಕ್ಸಿನ್ ಅನ್ನೋ ಕೆಂಪು ಬಣ್ಣ ಹಾಕಿ ಬಿಸಿ ಮಾಡ್ತಾರೆ. ಆಮೇಲೆ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ತೊಳೆದರೆ ಬೇರೆಲ್ಲದರ ಕೆಂಪು ಹೋಗುತ್ತೆ, ಮೇಣದಂಥ ಹೊದಿಕೆ ಇರುವ ಟಿಬಿ ಬ್ಯಾಕ್ಟೀರಿಯಾದ್ದು ಹೋಗಲ್ಲ. ಕೊನೆಗೆ ಮೆಥಿಲೀನ್ ಬ್ಲೂ. ನೀಲಿ ನೆಲದ ಮೇಲೆ ಕೆಂಪು ಕಡ್ಡಿ ಕಂಡರೆ ಪಾಸಿಟಿವ್. ಒಂದು ಎಂ.ಎಲ್. ಕಫದಲ್ಲಿ 5ರಿಂದ 10 ಸಾವಿರ ಬ್ಯಾಕ್ಟೀರಿಯಾ ಇದ್ದರಷ್ಟೇ ಕಣ್ಣಿಗೆ ಬೀಳೋ ಪರೀಕ್ಷೆ ಇದು. ಅದರಲ್ಲಿ ಕೆಂಪೂ ಸಪ್ಪೆಯಾದರೆ ಟೆಕ್ನಿಷಿಯನ್ 100 ಕಡೆ ನೋಡಿದರೂ ನೆಗೆಟಿವ್ ಅಂತಲೇ ಬರೀತಾರೆ. ಆ ಚೀಟಿ ಹಿಡಿದವರು ಮನೆಗೆ ಹೋಗಿ ಮಕ್ಕಳ ಪಕ್ಕದಲ್ಲೇ ಕೆಮ್ಮುತ್ತಾರೆ.

ಬಣ್ಣ ಸಪ್ಪೆ ಆಗೋದು ಹೇಗೆ? ಬಾಟಲಿಯಲ್ಲಿರೋ ಪುಡಿ ಪೂರ್ತಿ ಬಣ್ಣ ಅಲ್ಲ. ಉಪ್ಪು, ತೇವ ಎಲ್ಲ ಸೇರಿರುತ್ತೆ. ಲೇಬಲ್‌ನಲ್ಲಿ 80% ಅಂತಿದ್ದರೆ ಒಂದು ಗ್ರಾಂ ಅಸಲಿ ಬಣ್ಣಕ್ಕೆ 1.25 ಗ್ರಾಂ ಪುಡಿ ತೂಗಬೇಕು. ಓದದೆ ಒಂದೇ ಗ್ರಾಂ ಹಾಕಿದರೆ ಅಲ್ಲೇ ಖೋತಾ. ಸಾಲದ್ದಕ್ಕೆ ಬೇಸಿಕ್ ಫುಕ್ಸಿನ್ ಅನ್ನೋ ಒಂದೇ ಹೆಸರಲ್ಲಿ ನಾಲ್ಕು ಹತ್ತಿರದ ಬಣ್ಣಗಳ ಬೆರಕೆ ಇರಬಹುದು. ಮೂಲತಃ ಇವು ಬಟ್ಟೆಗೆ ಹಾಕೋ ಬಣ್ಣಗಳೇ. ಸೀರೆಗೆ ಒಂಚೂರು ಛಾಯೆ ಹೆಚ್ಚುಕಡಿಮೆ ಆದರೆ ಗಿರಾಕಿ ಚೌಕಾಸಿ ಮಾಡ್ತಾರೆ, ಅಷ್ಟೇ. ಅಂಗಡಿ ತಕ್ಕಡಿಗೆ ಇಲಾಖೆ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತೆ; ಈ ಪುಡಿಗೆ?

ಅಮೆರಿಕಕ್ಕೆ ಇದೇ ಪ್ರಶ್ನೆ ನೂರು ವರ್ಷದ ಹಿಂದೆ ಎದುರಾಗಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಬಣ್ಣ ನಿಂತು, ಸ್ಥಳೀಯ ಬಣ್ಣ ಒಂದೊಂದು ಸಲ ಒಂದೊಂದು ಥರ ಬರತೊಡಗಿತು. ಅದಕ್ಕೆ 1922ರಲ್ಲಿ ವಿಜ್ಞಾನಿಗಳು ಸೇರಿ ಒಂದು ಆಯೋಗ ಕಟ್ಟಿದರು. ಅದೇ ಈಗಿನ ಬಯಾಲಾಜಿಕಲ್ ಸ್ಟೇನ್ ಕಮಿಷನ್. ಕಂಪನಿ ಕಳಿಸಿದ ಪ್ರತಿ ಬ್ಯಾಚಿನ ಬಣ್ಣವನ್ನು ಅಳೆದು, ಸ್ಲೈಡ್‌ಗೂ ಹಾಕಿ ನೋಡಿ ಪಾಸ್ ಮಾಡುತ್ತೆ. ಆದರೆ ಕಳಿಸಲೇಬೇಕೆಂಬ ಕಡ್ಡಾಯ ಇಲ್ಲ.

ನಮ್ಮ ಟಿಬಿ ಕಾರ್ಯಕ್ರಮದಲ್ಲೂ ನಿಯಮಗಳಿವೆ. ಹೊಸ ಬ್ಯಾಚ್ ಬಣ್ಣ ತಯಾರಾದಾಗ ಪಾಸಿಟಿವ್ ಅಂತ ಗೊತ್ತಿರೋ ಒಂದು ಸ್ಲೈಡ್, ನೆಗೆಟಿವ್ ಅಂತ ಗೊತ್ತಿರೋ ಒಂದು ಸ್ಲೈಡ್ ಬಣ್ಣ ಹಾಕಿ ನೋಡಬೇಕು. ಬಾಟಲಿ ಮೇಲೆ ತಯಾರಿಸಿದ ದಿನಾಂಕ ಇರಬೇಕು. ಕಂದು ತಿರುಗಿದ ಫಿನಾಲ್ ಬಳಸುವಂತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಂಥ ರೆಫರೆನ್ಸ್ ಲ್ಯಾಬ್‌ಗಳ ಉಸ್ತುವಾರಿಯಲ್ಲಿ ಸ್ಲೈಡ್‌ಗಳ ಮರುಪರೀಕ್ಷೆಯೂ ನಡೆಯುತ್ತೆ. ಆದರೆ ಮರುಪರೀಕ್ಷೆಯಲ್ಲಿ ತಪ್ಪು ಸಿಗೋ ಹೊತ್ತಿಗೆ ರೋಗಿಯ ದಿನಗಳು ಕಳೆದಿರುತ್ತವೆ. ರೋಗಿಗೆ ಕೆಲಸಕ್ಕೆ ಬರೋದು ಆ ಎರಡು ಸ್ಲೈಡ್. ಖಾಸಗಿ ಸಣ್ಣ ಲ್ಯಾಬ್‌ಗೂ ಅದೇನು ದೊಡ್ಡ ಖರ್ಚಲ್ಲ.

ಎರಡು ವಾರ ದಾಟಿದ ಕೆಮ್ಮು ಇದ್ದು ಸ್ಲೈಡ್ ನೆಗೆಟಿವ್ ಬಂದವರು ಸರ್ಕಾರಿ ಆಸ್ಪತ್ರೆಯಲ್ಲಿ ನಾಟ್ ಪರೀಕ್ಷೆ ಕೇಳಬಹುದು, ಉಚಿತ. ಮಾತ್ರೆ ತಗೊಳ್ತಿರೋರಿಗೆ ಆ ದಾರಿ ಇಲ್ಲ. ಅವರು ಲ್ಯಾಬ್‌ನಲ್ಲಿ ಕೇಳಬೇಕಾದ್ದು: ಈ ಬಣ್ಣ ಯಾವತ್ತು ಮಾಡಿದ್ದು, ಕಂಟ್ರೋಲ್ ಸ್ಲೈಡ್ ನೋಡಿದ್ರಾ?