ಉಳಿಸತಕ್ಕುದು ಯಾವುದು?

ಹಳೆಯ ಕಾರಿನ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ಮತ್ತೆ ಕಟ್ಟಲು ಹೊರಟಾಗ, ಯಾವ ಭಾಗವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತ್ಯಜಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬೆಲೆಯೋ ಅಭಿಮಾನವೋ ಉತ್ತರ ಹೇಳಿಬಿಡುತ್ತದೆ. ಮೂಲವಾದುದೆಲ್ಲವೂ ಪೂಜ್ಯವೆನ್ನುವವರೂ, ಹೊಸತೆಲ್ಲವೂ ನಿರಪಾಯವೆನ್ನುವವರೂ, ಭಾಗವನ್ನು ಅದರ ಸಂಬಂಧಗಳಿಂದ ಬೇರ್ಪಡಿಸಿ ಒಂಟಿಯಾಗಿ ನೋಡುತ್ತಾರೆಂಬುದೇ ನನ್ನ ಆಕ್ಷೇಪಣೆ. ಎಂಜಿನ್ನಿನಲ್ಲಿಯಾದರೋ ಯಾವ ಭಾಗವೂ ಒಂಟಿಯಾಗಿ ದುಡಿದುದಲ್ಲ.

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್ನಿನಲ್ಲಿ ತಯಾರಾದ ಎಂಜಿಬಿ ಕಾರಿನ 1798 ಸಿಸಿ ಎಂಜಿನ್ನನ್ನು ನೋಡಿ. ನಮ್ಮ ಅಂಬಾಸಿಡರ್ ಬಹುಕಾಲ ಹೊತ್ತು ನಡೆದ 1489 ಸಿಸಿ ಎಂಜಿನ್ನೂ ಬಿಎಂಸಿಯ ಅದೇ ‘ಬಿ’ ಸರಣಿಗೆ ಸೇರಿದುದಾದುದರಿಂದ, ಇದರ ರಚನೆ ನಮ್ಮ ಹಳೆಯ ಮೆಕ್ಯಾನಿಕ್ಕರಿಗೆ ಅಪರಿಚಿತವಲ್ಲ. ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿರುವ ಮೇನ್ ಬೇರಿಂಗ್ ಕ್ಯಾಪುಗಳನ್ನು ಎರಕದ ಬ್ಲಾಕಿಗೆ ಬಿಗಿದಿಟ್ಟೇ ಒಂದೇ ಸಾಲಿನಲ್ಲಿ ಕೊರೆದಿರುತ್ತಾರಾಗಿ, ಮತ್ತೊಂದು ಬ್ಲಾಕಿನ ಕ್ಯಾಪು ಎಷ್ಟೇ ನಿರ್ದುಷ್ಟವಾಗಿದ್ದರೂ ಇಲ್ಲಿ ಪರಕೀಯವೇ. ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ ಇದೇ ನ್ಯಾಯ. ಟ್ಯಾಪೆಟ್ಟುಗಳ ವಿಷಯದಲ್ಲಿ ಈ ಬಾಂಧವ್ಯ ಇನ್ನೂ ನಿಕಟವಾದುದು: ಪ್ರತಿಯೊಂದು ಟ್ಯಾಪೆಟ್ಟಿನ ಮುಖವೂ ತನ್ನ ಮೇಲೆ ಉರುಳಿದ ಕ್ಯಾಮಿನ ಉಬ್ಬಿಗೆ ಅನುರೂಪವಾಗಿ ಸವೆದಿರುವುದರಿಂದ, ಹಳೆಯ ಕ್ಯಾಮ್‌ಶಾಫ್ಟನ್ನು ಉಳಿಸುವವನು ಪ್ರತಿಯೊಂದನ್ನೂ ಅದರದರ ಸ್ಥಾನಕ್ಕೇ ಹಿಂದಿರುಗಿಸಬೇಕು, ಕ್ಯಾಮ್‌ಶಾಫ್ಟ್ ಹೊಸತಾದರೆ, ಕನ್ನಡಿಯಂತೆ ಹೊಳೆಯುವ ಹಳೆಯ ಟ್ಯಾಪೆಟ್ಟನ್ನೂ ಹಾಗೆಯೇ ಅದರೊಡನೆ ಜೋಡಿಸಲಾಗದು. ಹೊಸತೆಂದ ಮಾತ್ರಕ್ಕೆ ಅದು ಶ್ರೇಷ್ಠವೆಂದೂ ಅಲ್ಲ. ಈಚಿನ ಕೆಲವು ಟ್ಯಾಪೆಟ್ಟುಗಳು ತಕ್ಕಷ್ಟು ಕಾಠಿನ್ಯವಿಲ್ಲದೆ ಅಲ್ಪಕಾಲದಲ್ಲಿಯೇ ಸವೆದು, ತಮ್ಮೊಡನೆ ಹೊಸ ಕ್ಯಾಮನ್ನೂ ಕೆಡಿಸುತ್ತವೆ.

ಇನ್ನು ದೋಷಗಳ ಜಾತಿ. ಸವೆತವು ಅಳತೆಗೆ ದಕ್ಕುವ ದೋಷ. ಸಿಲಿಂಡರಿನ ಮೇಲ್ಭಾಗ ಎಷ್ಟು ಅಗಲಿಸಿದೆಯೆಂದು ಡಯಲ್ ಗೇಜು ತಿಳಿಸುತ್ತದೆ, 0.020 ಅಂಗುಲದಷ್ಟು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಕೂಡಿಸಿದರೆ, ಎಂಜಿನ್ನಿನ ಸಂಖ್ಯೆಯನ್ನು ಹೊತ್ತಿರುವ ಆ ಬ್ಲಾಕು ಮತ್ತೊಂದು ಆಯುಷ್ಯವನ್ನೇ ಪಡೆಯುತ್ತದೆ. ಲೋಹದ ಆಯಾಸವಾದರೋ ಮೈಕ್ರೋಮೀಟರಿಗೆ ಸಿಕ್ಕುವುದಲ್ಲ. ದಶಕಗಟ್ಟಲೆ ಸುತ್ತುಸುತ್ತಿಗೂ ಎಳೆತವನ್ನು ತಾಳಿದ ರಾಡ್ ಬೋಲ್ಟು ನೋಟಕ್ಕೆ ಅಕ್ಷತವಾಗಿಯೇ ಇದ್ದು, ಓಡುತ್ತಿರುವಾಗ ತುಂಡಾಯಿತೆಂದರೆ, ರಾಡು ಬ್ಲಾಕಿನ ಪಕ್ಕವನ್ನೇ ಒಡೆದು ಹೊರಬರಬಹುದು. ಅಲ್ಪಮೌಲ್ಯದ ಬೋಲ್ಟನ್ನು ಉಳಿಸಿ ಮತ್ತೆ ದೊರೆಯದ ಬ್ಲಾಕನ್ನು ಅದರ ವಶಕ್ಕೊಪ್ಪಿಸುವುದು ಮಿತವ್ಯಯವೂ ಅಲ್ಲ, ಮೂಲದ ಮೇಲಣ ಗೌರವವೂ ಅಲ್ಲ. ಬೋಲ್ಟುಗಳನ್ನು ಪರೀಕ್ಷಿಸುವ ಗೋಜಿಗೇ ಹೋಗದೆ ಬದಲಾಯಿಸತಕ್ಕುದು.

ಕಷ್ಟವಿರುವುದು ಕ್ರ್ಯಾಂಕ್‌ಶಾಫ್ಟಿನ ನಿರ್ಣಯದಲ್ಲಿ, ಏಕೆಂದರೆ ಅದು ಸವೆತ ಆಯಾಸಗಳೆರಡಕ್ಕೂ ಈಡಾದುದು; ಬೋಲ್ಟಿನಂತೆ ಸುಲಭವಾಗಿ ಬಿಸಾಡತಕ್ಕುದೂ ಅಲ್ಲ. 1964ರವರೆಗಿನ ಮೂರು ಬೇರಿಂಗಿನ ಎಂಜಿನ್ನಿಗೆ ಅನಂತರದ ಐದು ಬೇರಿಂಗಿನ ಶಾಫ್ಟು ಒದಗುವುದಿಲ್ಲವಾದುದರಿಂದ, ಹಳೆಯ ಎಂಜಿನ್ನಿನವನಿಗೆ ಆಯ್ಕೆಯ ಅವಕಾಶವೂ ಕಡಮೆ. ಆದರೂ ಗ್ರೈಂಡಿಂಗಿಗೆ ಕಳುಹಿಸುವುದಕ್ಕೆ ಮೊದಲೇ ಶಾಫ್ಟನ್ನು ಕಾಂತೀಕರಿಸಿ, ಕಬ್ಬಿಣದ ನುಣುಪುಡಿ ಬಿಟ್ಟು ಬಿರುಕು ಪರೀಕ್ಷೆ ಮಾಡಿಸಬೇಕು. ಜರ್ನಲ್ ತಿರುವಿನ ಮೂಲೆಯಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ, ಅಳತೆಯೆಲ್ಲ ಸರಿಯಿದ್ದರೂ, ಅದನ್ನು ಬಿಡಬೇಕು. ಗೆರೆಯಿಲ್ಲದೆ, 0.010 ಅಂಗುಲ ತೆಗೆದರೆ ಜರ್ನಲ್ ಶುದ್ಧವಾಗುವಂತಿದ್ದರೆ, ಪೂರ್ವೋತ್ತರವೇ ತಿಳಿಯದ ಬೇರೊಂದು ಶಾಫ್ಟಿಗಾಗಿ ಅದನ್ನು ಕೈಬಿಡಲು ಕಾರಣವೇ ಇಲ್ಲ.