ತಾಳವಾಡಿಯ ಮುಸುಕಿನ ಜೋಳ: ಸಲಹೆ ಕನ್ನಡದಲ್ಲೂ ಬರಲಿ

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ ಮಳೆಯನ್ನು ನಂಬಿ ಮುಸುಕಿನ ಜೋಳ ಬಿತ್ತುವ ರೈತನಿಗೆ ಮಳೆಯ ಪ್ರಮಾಣಕ್ಕಿಂತ ಅದು ಬೀಳುವ ಹೊತ್ತು ಮುಖ್ಯ. ಸೂಲಂಗಿ ಹೊರಟು ತೆನೆಯಲ್ಲಿ ರೇಷ್ಮೆಯೆಳೆ ಮೂಡುವ ಸುಮಾರು ಎರಡು ವಾರಗಳಲ್ಲಿ ತೇವ ತಪ್ಪಿದರೆ ಕಾಳು ಕಟ್ಟದು. ಅನಂತರ ಎಷ್ಟು ಸುರಿದರೂ ಆ ನಷ್ಟ ತುಂಬದು. ಹವಾಮಾನ ಬದಲಾವಣೆಯಿಂದ ಮಳೆಯ ನಡುವಿನ ಬಿಡುವೂ ಬಿರುಮಳೆಯೂ ಹೆಚ್ಚಿದರೆ ಪೆಟ್ಟು ಇಮ್ಮಡಿ: ಒಂದು ತೆನೆಯನ್ನು ಜೊಳ್ಳಾಗಿಸುತ್ತದೆ, ಇನ್ನೊಂದು ಇಳಿಜಾರಿನ ಮೇಲ್ಮಣ್ಣನ್ನು ಕೊಚ್ಚುತ್ತದೆ. 2018ರಲ್ಲಿ ಭಾರತದಲ್ಲಿ ಮೊದಲು ಪತ್ತೆಯಾದ ಸೈನಿಕ ಹುಳು ಸುಳಿಯನ್ನೇ ತಿನ್ನುತ್ತದೆ.

ಪರಿಹಾರಗಳು ದುಬಾರಿಯಲ್ಲ. ಇಳಿಜಾರಿಗೆ ಅಡ್ಡವಾಗಿ ಉಳುವುದು, ಅಲಸಂದೆ, ತೊಗರಿಗಳನ್ನು ಅಕ್ಕಡಿಯಾಗಿ ಬಿತ್ತುವುದು, ಹೊಲದ ಒಂದು ಪಾಲನ್ನು ರಾಗಿಗೆ ಉಳಿಸುವುದು, ಮೊದಲ ವಾರಗಳಿಂದಲೇ ಸುಳಿ ಬಿಡಿಸಿ ನೋಡುವುದು. ಆದರೆ ಇವೆಲ್ಲಕ್ಕೂ ಸಕಾಲದ ಮುನ್ಸೂಚನೆ ಬೇಕು. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರಗಳಂದು ಇಂಗ್ಲಿಷಿನಲ್ಲಿಯೂ ರಾಜ್ಯದ ಭಾಷೆಯಲ್ಲಿಯೂ ಹೊರಡುತ್ತದೆ. 2006ರ ಕಾಯ್ದೆಯಂತೆ ನಮ್ಮ ಮಕ್ಕಳು ತಮಿಳು ಕಲಿಯುತ್ತಿದ್ದಾರೆ, ಕಲಿಯಲಿ. ಬಿತ್ತನೆಯ ದಿನ ನಿಶ್ಚಯಿಸುವ ಹಿರಿಯರಲ್ಲಿ ಕನ್ನಡವನ್ನಷ್ಟೇ ಓದಬಲ್ಲವರು ಏನು ಮಾಡಬೇಕು?

ಸಂವಿಧಾನದ 350ನೆಯ ವಿಧಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ನಮಗೆ ಕೊಟ್ಟಿದೆ. ಸಲಹೆಯ ಕನ್ನಡ ರೂಪಕ್ಕಾಗಿ ಗ್ರಾಮಸಭೆಗಳಿಂದಲೇ ಮನವಿ ಹೋಗಲಿ. ಅದು ಬರುವವರೆಗೆ, ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ವಾರಕ್ಕೆರಡು ದಿನ ಆ ಸಲಹೆಯನ್ನು ಶಾಲೆಯ ಹೊರಗೋಡೆಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಹೊಲಕ್ಕೆ ಹೋಗುವವರು ನಿಂತು ಓದಿಯಾರು.