ಮೌನದ ಎಣಿಕೆ

ಅನ್ನ ಬೆಂದಿದೆಯೇ ಎಂಬುದನ್ನರಿಯಲು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಯಾರೂ ಹಿಸುಕಿ ನೋಡುವುದಿಲ್ಲ. ಒಂದೆರಡು ಅಗುಳು ಸಾಕು. ಅಂತರಜಾಲದ ಕೋಟ್ಯಂತರ ವಿಳಾಸಗಳಲ್ಲಿ ಎಷ್ಟು ಕಡೆಯಿಂದ ಉತ್ತರ ದೊರೆಯುತ್ತದೆ ಎಂಬುದನ್ನು ತಿಳಿಯುವ ದಾರಿಯೂ ಬಹುಮಟ್ಟಿಗೆ ಇದೇ.

1981ರಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ ನಿಯಮದಂತೆ, ಅಂತರಜಾಲದ ವಿಳಾಸವೊಂದರಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ. ಪ್ರತಿಯೊಂದೂ 0ಯಿಂದ 255ರವರೆಗೆ ಇರಬಹುದು. ಹೀಗೆ ದೊರೆಯುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಆದರೆ ಇವೆಲ್ಲವೂ ವಾಸದ ಮನೆಗಳಲ್ಲ. ಮೊದಲ ಸಂಖ್ಯೆ 224 ಅಥವಾ ಅದಕ್ಕಿಂತ ಹೆಚ್ಚಾಗಿರುವ ವಿಳಾಸಗಳು, ಎಂದರೆ ಎಂಟರಲ್ಲೊಂದು ಪಾಲು, ಬಿಡಿ ಯಂತ್ರಗಳಿಗೆ ಸಲ್ಲುವುದಿಲ್ಲ. 10ರಿಂದ ಆರಂಭವಾಗುವವು ಮನೆ, ಕಚೇರಿಗಳ ಒಳಬಳಕೆಗೆ ಮೀಸಲು.

ಇಂತಹವನ್ನು ಕಳೆದು, ಉಳಿದವುಗಳಿಂದ ಚೀಟಿ ಎತ್ತಿದಂತೆ ಒಂದು ಸಾವಿರ ವಿಳಾಸಗಳನ್ನು ಆಯ್ದುಕೊಳ್ಳಬೇಕು. 1983ರಲ್ಲಿ ಮೈಕ್ ಮ್ಯೂಸ್ ಎಂಬುವರು ರಚಿಸಿದ ‘ಪಿಂಗ್’ ಎಂಬ ಸಾಧನದಿಂದ ಒಂದೊಂದರ ಕದವನ್ನೂ ತಟ್ಟಬೇಕು. ನೂರು ಕಡೆಯಿಂದ ಉತ್ತರ ಬಂದಿತೆಂದು ಭಾವಿಸಿದರೆ, ಉತ್ತರಿಸುವ ವಿಳಾಸಗಳು ನೂರಕ್ಕೆ ಹತ್ತು; ಸಾಮಾನ್ಯವಾಗಿ ಸುಮಾರು ಎರಡು ಅತ್ತಿತ್ತ ಆದೀತು. ಆದರೆ ಪಾತ್ರೆಯಲ್ಲಿ ಅನ್ನ ಒಂದೇ ಸಮನೆ ಬೇಯುತ್ತದೆ. ಅಂತರಜಾಲದಲ್ಲಾದರೋ ಉತ್ತರಿಸುವ ವಿಳಾಸಗಳು ಗೊಂಚಲುಗೊಂಚಲಾಗಿರುತ್ತವೆ. ಒಂದೇ ಮೂಲೆಯಿಂದ ಆಯ್ದರೆ ಅಂದಾಜು ತಪ್ಪುತ್ತದೆ. ಆಯ್ಕೆಯಲ್ಲಿ ಪಕ್ಷಪಾತವಿರಕೂಡದು.

ಅಂದಾಜೇಕೆ, ಎಲ್ಲವನ್ನೂ ಎಣಿಸಬಾರದೇ ಎಂದು ಕೆಲವರು ಕೇಳಬಹುದು. ಅದೂ ಸಾಧ್ಯ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿ ರೂಪಿಸಿದ ‘ಜೀಮ್ಯಾಪ್’ ಎಂಬ ಸಾಧನವು ಒಂದೇ ಗಣಕಯಂತ್ರದಿಂದ ಸುಮಾರು 45 ನಿಮಿಷಗಳಲ್ಲಿ ಎಲ್ಲ ಕದಗಳನ್ನೂ ತಟ್ಟಿ ಬರಬಲ್ಲದು. ಆದರೂ ಮೂಲ ತೊಡಕು ಬಗೆಹರಿಯದು. ಉತ್ತರ ಬಾರದಿದ್ದರೆ ಅಲ್ಲಿ ಯಾರೂ ಇಲ್ಲವೆಂದೇ ಅರ್ಥವೇ? ಯಂತ್ರವು ಆ ಹೊತ್ತಿಗೆ ಆರಿರಬಹುದು. ಅಪರಿಚಿತರಿಗೆ ಉತ್ತರಿಸಬಾರದೆಂದು ರಕ್ಷಣಾವ್ಯವಸ್ಥೆ ತಡೆದಿರಬಹುದು. ಉತ್ತರಿಸಿದ ಒಂದೇ ವಿಳಾಸದ ಹಿಂದೆ ಹತ್ತಾರು ಯಂತ್ರಗಳಿರಲೂಬಹುದು.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಹಂಚಿಕೆಗೆಂದು ಉಳಿದಿದ್ದ ವಿಳಾಸಗಳ ಜಾಗತಿಕ ಭಂಡಾರವು 2011ರ ಫೆಬ್ರುವರಿಯಲ್ಲಿ ಬರಿದಾಯಿತು. ಆ ಬಳಿಕ, ಮೌನವಾಗಿರುವ ವಿಳಾಸಗಳೆಲ್ಲವೂ ವ್ಯರ್ಥವಾಗಿ ಬಿದ್ದಿವೆಯೆಂದು ತೀರ್ಮಾನಿಸುವುದು ಸುಲಭ. ಅದು ಅವಸರದ ತೀರ್ಮಾನ. ಅದನ್ನು ನಂಬಿ ವಿಳಾಸಗಳನ್ನು ಹಿಂಪಡೆದರೆ, ಸದ್ದಿಲ್ಲದೆ ದುಡಿಯುತ್ತಿರುವವರಿಗೆ ಅನ್ಯಾಯವಾದೀತು.

ಆದುದರಿಂದ ಸಂಖ್ಯೆಯನ್ನು ಹೇಳುವವರು, ಅದನ್ನು ಪಡೆದ ಬಗೆಯನ್ನೂ ಅದರ ಮಿತಿಯನ್ನೂ ಜೊತೆಯಲ್ಲಿಯೇ ಹೇಳಬೇಕು. ತರಗತಿಯಲ್ಲಿ ಸುಮ್ಮನೆ ಕುಳಿತ ವಿದ್ಯಾರ್ಥಿಗೆ ಏನೂ ತಿಳಿಯದೆಂದು ಬಗೆಯುವುದು ಹೇಗೆ ತಪ್ಪೋ, ಮೌನವನ್ನು ಶೂನ್ಯವೆಂದು ಎಣಿಸುವುದೂ ಹಾಗೆಯೇ ತಪ್ಪು.